ಯಾರೂ ತಿರುಗಿ ನೋಡದ ಗಾಡಿ

ಶ್ರೀಕರ ಹೆಗಡೆಗೆ ಭಾವ ಶ್ರೀರಂಗನ ಮೇಲೆ ಸಿಟ್ಟು ಹುಟ್ಟಿ ಇಪ್ಪತ್ತೆರಡು ವರ್ಷವಾಗಿತ್ತು. ಅವನನ್ನು ಮುಗಿಸಿಬಿಡಬೇಕು ಎಂದು ಅನ್ನಿಸಿದ್ದು ಮಾತ್ರ ಆ ಭಾನುವಾರ, ಊಟದ ಎಲೆಯ ಮುಂದೆ ಕೂತಾಗ.

ಶ್ರೀರಂಗ ಎಂದರೆ ಹೆಂಡತಿ ವಿನಯಾಳ ಅಣ್ಣ. ಅವತ್ತು ಸಾಗರದ ಮನೆಗೆ ಬಂದವನು ಕೈ ತೊಳೆದು ಕೂರುವ ಮೊದಲೇ ತೃಪ್ತಿಗೊಂದು ಗಂಡು ನೋಡಿದ್ದೇನೆ ಎಂದ. ಗಂಡಿನ ಹೆಸರು ಮಹಾಗಣಪತಿ. ವಯಸ್ಸು ನಲವತ್ಮೂರು. ಮೊದಲ ಹೆಂಡತಿ ಬಿಟ್ಟು ಹೋಗಿದ್ದಾಳೆ. ಹೊಸನಗರದಾಚೆ, ನಗರ ಎಂಬ ಊರಿನ ಹತ್ತಿರ ಶ್ರೀರಂಗ ಕಟ್ಟಿಸುತ್ತಿದ್ದ ಹೋಂಸ್ಟೇಗೆ ಈ ಮಹಾಶಯನೇ ಪಾಲುದಾರ. ನೆಂಟನಾಗಿಬಿಟ್ಟರೆ ಪಾಲು ಬಿಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಶ್ರೀರಂಗನ ಲೆಕ್ಕಾಚಾರ. ಮಗಳು ತೃಪ್ತಿಗೆ ಇಪ್ಪತ್ತನಾಲ್ಕು. ಅವಳು ಸಾರಿನ ಪಾತ್ರೆ ಹಿಡಿದುಕೊಂಡೇ ಮಾವನಿಗೆ ಉತ್ತರ ಕೊಟ್ಟಳು.

"ಗಡ್ಡಕ್ಕೆ ಬಣ್ಣ ಹಚ್ಕಂಬವ ಎಂಗೆ ಬ್ಯಾಡ ಮಾವ. ಅಷ್ಟು ಇಷ್ಟ ಇದ್ರೆ ನೀನೇ ಆಗು."

ಶ್ರೀರಂಗ ಹೊಟ್ಟೆ ಕುಲುಕಿಸಿ ನಕ್ಕ. ತೃಪ್ತಿ ಪಾತ್ರೆ ಇಡಲು, ವಿನಯಾ ಮಜ್ಜಿಗೆ ತರಲು ಒಳಗೆ ಹೋದರು. ಆ ಅರ್ಧ ನಿಮಿಷದಲ್ಲಿ ಅವನು ಶ್ರೀಕರನ ಕಡೆ ಬಾಗಿ, ಉಪ್ಪಿನಕಾಯಿ ಕೇಳುವ ದನಿಯಲ್ಲಿ ಹೇಳಿದ: "ಒಪ್ಸದು ನಿನ್ನ ಕೆಲ್ಸ ಭಾವ. ಶಿವರಾತ್ರಿ ಕಳದ ಭಾನುವಾರ ನಿಶ್ಚಿತಾರ್ಥ. ಆ ತಿರುವು ನೆನಪಿದ್ದಲ? ಎಂಗಂತೂ ಮರ್ತಿದ್ದಿಲ್ಲೆ."

ಅದು ಮರೆಯುವಂಥ ತಿರುವಲ್ಲ. ಹೊಸನಗರದಿಂದ ನಗರಕ್ಕೆ ಹೋಗುವ ದಾರಿ. ಶ್ರೀಕರನಿಗೆ ಆಗ ಇಪ್ಪತ್ತೊಂಬತ್ತು, ಬೈಕೆಂದರೆ ಜೀವ. ಹಿಂದಿನ ಸೀಟಿನಲ್ಲಿ ಶ್ರೀರಂಗ ಕೂತಿದ್ದ. ತಿರುವು ದಾಟುತ್ತಲೇ ಸೊಪ್ಪಿನ ಹೊರೆ ಹೊತ್ತ ಮನುಷ್ಯನೊಬ್ಬ ಎದುರಾದ. ಹೊರೆ ಒಂದು ಕಡೆ ಬಿತ್ತು, ಮನುಷ್ಯ ಒಂದು ಕಡೆ. "ನಿಲ್ಸಡ, ಹೊಡಿ!" ಎಂದು ಬೆನ್ನಿಗೆ ಗುದ್ದಿದವನು ಶ್ರೀರಂಗ. ಮೂರನೆಯ ದಿನ ಆ ಮನುಷ್ಯ ತೀರಿಕೊಂಡನೆಂಬ ಸುದ್ದಿ ತಂದವನೂ ಅವನೇ. ಪೊಲೀಸರ ಕಾಗದದಲ್ಲಿ ಅದು ಗುರುತು ಸಿಗದ ವಾಹನ ಎಂದಾಗಿ, ಕಾಗದ ಧೂಳು ಹಿಡಿಯಿತು. ಶ್ರೀರಂಗನ ನೆನಪಿಗೆ ಮಾತ್ರ ಧೂಳು ಹಿಡಿಯಲಿಲ್ಲ.

ದುಡ್ಡು ಕೇಳುವವನಾಗಿದ್ದರೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಅವನು ಕೇಳುತ್ತಿದ್ದುದು ತಲೆಯಾಡಿಸುವುದನ್ನು. ಶ್ರೀಕರ ಸಾಗರದಲ್ಲಿ ದಸ್ತಾವೇಜು ಬರಹಗಾರ. ಜಮೀನು, ಮನೆಗಳ ಪತ್ರ ಬರೆದು ನೋಂದಣಿ ಮಾಡಿಸಿಕೊಡುವುದು ಅವನ ಕಸುಬು. ವಿನಯಾ ತವರಿನ ಪಾಲು ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರವನ್ನು ಅವನೇ ತನ್ನ ಕೈಯಾರೆ ಬರೆದಿದ್ದ. ಶ್ರೀರಂಗ ನಿಲ್ಲು ಎಂದರೆ ನಿಂತ, ಕೂರು ಎಂದರೆ ಕೂತ. ಇಪ್ಪತ್ತೆರಡು ವರ್ಷ ಅಣ್ಣನಿಗೆ ಗಂಡ ಕೊಡುವ ಮರ್ಯಾದೆ ನೋಡಿ ವಿನಯಾ ಹಿಗ್ಗುತ್ತಿದ್ದಳು. ಪಾಪ, ಅವಳಿಗೆ ತಿರುವಿನ ವಿಷಯ ಗೊತ್ತಿರಲಿಲ್ಲ. ತೃಪ್ತಿಗೂ ಗೊತ್ತಿರಲಿಲ್ಲ. ಜೈಲಿಗಿಂತ ಅವನು ಹೆದರುತ್ತಿದ್ದುದು ಆ ಇಬ್ಬರ ಕಣ್ಣಿಗೆ.

ಸಂಜೆ ತೃಪ್ತಿ ಅವನ ಮೇಜಿನ ಹತ್ತಿರ ಬಂದು ನಿಂತಳು.

"ಅಪ್ಪ, ಮಾವನ್ನ ಕಂಡ್ರೆ ಎಂತಕ್ಕೆ ಅಷ್ಟು ಹೆದರ್ತೆ?"

"ಹೆದ್ರಿಕೆ ಎಂತದು? ದೊಡ್ಡವ ಅಲ್ದಾ."

"ಹಂಗಾದ್ರೆ ಆಗ್ತಿಲ್ಲೆ ಹೇಳಿ ಹೇಳು. ಒಂದೇ ಒಂದ್ಸಲ. ನೀ ಹೇಳಿದ್ರೆ ಮುಗತ್ತು."

"ನೋಡನ" ಎಂದ ಶ್ರೀಕರ. ಮಗಳು ಒಳಗೆ ಹೋದಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೆತ್ತ ಮಗಳನ್ನು ಹೋಂಸ್ಟೇಯ ಕಲ್ಲು, ಸಿಮೆಂಟಿನ ಜೊತೆ ಸೇರಿಸಿ ಕಟ್ಟಿಬಿಡುತ್ತಾನೆ ಈ ಭಾವ, ತಾನು ಅದಕ್ಕೂ ತಲೆಯಾಡಿಸುತ್ತೇನೆ. ಇಲ್ಲ. ಈ ಸಲ ಇಲ್ಲ.

ದಾರಿ ಹೊಳೆದದ್ದು ಮರುದಿನ, ಬಸ್‌ಸ್ಟ್ಯಾಂಡಿನಲ್ಲಿ. ಪರಿಚಯದ ವಕೀಲರೊಬ್ಬರು ಸ್ಕೂಟರ್ ನಿಲ್ಲಿಸಿ ಹತ್ತಿ ಅಂದರು. ಪಕ್ಕದಲ್ಲಿದ್ದ ಬೀಡಾ ಅಂಗಡಿಯ ಕನ್ನಪ್ಪ ನಕ್ಕ. "ಹೆಗಡೇರು ಎರಡು ಗಾಲಿ ಗಾಡಿ ಹತ್ತೋದುಂಟಾ ಸಾರ್? ಎತ್ತಿನಗಾಡಿ ತನ್ನಿ, ಹತ್ತುತಾರೆ." ಇಡೀ ಸಾಗರಕ್ಕೆ ಗೊತ್ತಿದ್ದ ತಮಾಷೆ ಅದು. ತಿರುವಿನ ಮರುದಿನದಿಂದ ಶ್ರೀಕರ ಬೈಕು ಮುಟ್ಟಿರಲಿಲ್ಲ. ತಲೆಸುತ್ತು ಬರುತ್ತದೆ ಎಂದು ಊರಿಗೆಲ್ಲ ಹೇಳಿದ್ದ. ಡ್ರೈವಿಂಗ್ ಲೈಸೆನ್ಸು ಯಾವ ಕಾಲದಲ್ಲೋ ಮುಗಿದುಹೋಗಿತ್ತು. ಕನ್ನಪ್ಪ ನಗುತ್ತಿದ್ದ ಹಾಗೇ ಶ್ರೀಕರನಿಗೆ ಒಳಗೆ ಏನೋ ಬಿಚ್ಚಿಕೊಂಡಿತು. ಬೈಕು ಹತ್ತಲೂ ಆಗದವನು ಬೈಕಿನಲ್ಲಿ ಹೋಗಿ ಕೊಲೆ ಮಾಡಲಾರ. ಇದಕ್ಕೆ ಸಾಕ್ಷಿ ಹೇಳಲು ಊರಿಗೆ ಊರೇ ತಯಾರಿದೆ.

ಉಳಿದದ್ದೆಲ್ಲ ಪತ್ರ ಬರೆದಷ್ಟು ಸುಲಭವಾಗಿ ಜೋಡಿಕೊಂಡಿತು. ಪ್ರತಿ ಬುಧವಾರ ಅವನು ಬಸ್ಸಿನಲ್ಲಿ ಹೊಸನಗರಕ್ಕೆ ಹೋಗಿ, ಅಲ್ಲಿಯ ನೋಂದಣಿ ಕಚೇರಿಯ ಕೆಲಸ ಮುಗಿಸಿ ಸಂಜೆ ಐದರ ಬಸ್ಸಿಗೆ ವಾಪಸಾಗುತ್ತಿದ್ದ. ಮಧ್ಯಾಹ್ನ ಮಲಗಲೆಂದು ಯಶೋಧಾ ಎಂಬವಳ ಊಟದ ಮೆಸ್ಸಿನ ಹಿಂದೆ ಒಂದು ಕೋಣೆ ಹಿಡಿದಿದ್ದ. ಕೋಣೆಗೆ ಹಿತ್ತಲ ಬಾಗಿಲು, ಬಾಗಿಲ ಎದುರು ಯಾರೂ ಬಳಸದ ಒಂದು ಕೊಟ್ಟಿಗೆ, ಕೊಟ್ಟಿಗೆಯ ಪಕ್ಕ ಓಣಿ. ಹೊಸನಗರದಿಂದ ನಗರದ ಕಡೆಗೆ ಮಧ್ಯಾಹ್ನ ಒಂದೂವರೆ ಬಿಟ್ಟರೆ ಮುಂದಿನ ಬಸ್ಸು ನಾಲ್ಕೂಮುಕ್ಕಾಲಿಗೆ. ಒಂದೂಮುಕ್ಕಾಲಿಗೆ ಮೆಸ್ಸಿನಲ್ಲಿ ಉಂಡವನು, ನಾಲ್ಕೂವರೆಗೆ ಕಚೇರಿಯಲ್ಲಿ ಸಹಿ ಹಾಕಿಸಿದವನು, ನಡುವೆ ನಗರಕ್ಕೆ ಹೋಗಿ ಬರಲು ರೆಕ್ಕೆ ಬೇಕು.

ಶ್ರೀರಂಗನ ಮನೆ ಇದ್ದದ್ದು ನಗರದಿಂದ ಎರಡು ಕಿಲೋಮೀಟರ್ ಒಳಗೆ, ಹಳೆಕೊಳ ಎಂಬ ಹತ್ತು ಹನ್ನೆರಡು ಮನೆಯ ಊರಿನಲ್ಲಿ. ಹೆಂಡತಿ ಮಕ್ಕಳು ಶಿವಮೊಗ್ಗದಲ್ಲಿ. ಇವನೊಬ್ಬನೇ ಇಲ್ಲಿ ಹೋಂಸ್ಟೇ ಕೆಲಸ ನೋಡಿಕೊಂಡಿದ್ದ. ಕೆಲಸದವರಿಗೆ ಬುಧವಾರ ರಜೆ. ಮನೆಯ ಹಿಂದೆ ಇಳಿಜಾರಿನಲ್ಲಿ ಅರಸರ ಕಾಲದ ಕಲ್ಲಿನ ಕೊಳ, ಎರಡಾಳು ನೀರು. ಮಧ್ಯಾಹ್ನದ ನಿದ್ದೆ ಮುಗಿಸಿ ಮೂರು ಗಂಟೆಗೆ ಶ್ರೀರಂಗ ಕೊಳದ ಕೊನೆಯ ಮೆಟ್ಟಿಲಿಗೆ ಇಳಿದು, ಮುಖ ತೊಳೆದು, ಅಲ್ಲೇ ಕೂತು ಎಲೆಯಡಿಕೆ ಹಾಕುವುದು ಸೂರ್ಯ ಹುಟ್ಟಿದಷ್ಟು ಖಾತ್ರಿ. ಮೆಟ್ಟಿಲು ಪಾಚಿಗಟ್ಟಿತ್ತು. ಶ್ರೀರಂಗನಿಗೆ ಈಜು ಬರುತ್ತಿರಲಿಲ್ಲ. ಪ್ರವಾಸಿಗರಿಗೆ ಅಪಾಯ, ಒಂದು ಬೇಲಿ ಹಾಕಿಸಬೇಕು ಎಂದು ಅವನೇ ಹತ್ತು ಜನರ ಎದುರು ಹೇಳಿಕೊಂಡು ತಿರುಗುತ್ತಿದ್ದ.

ಬೇಕಾದದ್ದು ಒಂದು ಬೈಕು ಮಾತ್ರ. ಅದನ್ನು ಆರಿಸುವುದರಲ್ಲಿ ತಪ್ಪಾಗಬಾರದು.

ಸಾಗರದಲ್ಲಿ, ಹೊಸನಗರದಲ್ಲಿ ಅವನ ಮುಖ ಗೊತ್ತಿಲ್ಲದವರಿಲ್ಲ. ಅದಕ್ಕೇ ತೀರ್ಥಹಳ್ಳಿ. ಒಂದು ಶನಿವಾರ, ಮದುವೆಯೊಂದರ ನೆಪ ಹೇಳಿ ಹೋದ. ಹಳೆ ಬೈಕು ಮಾರುವ ನಟರಾಜ್‌ನ ಗ್ಯಾರೇಜು ಊರಿನ ಅಂಚಿನಲ್ಲಿತ್ತು. ಶ್ರೀಕರ ತನ್ನನ್ನು ಸೊರಬದ ಪ್ರಕಾಶ ಎಂದು ಹೇಳಿಕೊಂಡ. ಮನೆಮಾತಿನ 'ಎಂತ', 'ಇಲ್ಲೆ'ಗಳನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದ.

"ಗಾಡಿ ಬಿಟ್ಟು ಎಷ್ಟು ವರ್ಷ ಆಯ್ತು ಸಾರ್?" ಎಂದ ನಟರಾಜ್, ಎಣ್ಣೆ ಕೈ ಒರೆಸಿಕೊಳ್ಳುತ್ತ.

"ಇಪ್ಪತ್ತರ ಮೇಲಾಯ್ತು. ಈಗ ಮತ್ತೆ ಆಸೆ."

"ಆಸೆ ಅಂದ್ರೆ ಇದು ನೋಡಿ" ಎಂದು ನಟರಾಜ್ ಒಂದು ಹಳೆಯ ಬುಲೆಟ್ಟಿನ ಮೇಲಿನ ಬಟ್ಟೆ ಎಳೆದ.

ಅಯ್ಯೋ, ಎಂಥ ಗಾಡಿ ಅದು! ಶ್ರೀಕರನ ಕೈ ಕೇಳದೆಯೇ ಟ್ಯಾಂಕಿನ ಮೇಲೆ ಹೋಯಿತು. ಇಪ್ಪತ್ತೆರಡು ವರ್ಷ ಕಟ್ಟಿಹಾಕಿದ್ದ ಏನೋ ಎದೆಯಲ್ಲಿ ಒದೆಯಿತು. ನಟರಾಜ್ ಕಿಕ್ ಹೊಡೆದಾಗ ಎದ್ದ ಸದ್ದಿಗೆ ಅವನ ಕಣ್ಣು ಒದ್ದೆಯಾಯಿತು ಎಂದರೆ ಯಾರೂ ನಂಬುವುದಿಲ್ಲ. ಆದರೆ ಬುಲೆಟ್ಟು ಹೋದ ದಾರಿಯಲ್ಲಿ ಹತ್ತು ಜನ ತಿರುಗಿ ನೋಡುತ್ತಾರೆ. ಅವನು ಕೈ ಹಿಂದಕ್ಕೆ ತೆಗೆದ. ಕೆಂಪು ಬಣ್ಣದ ಇನ್ನೊಂದು ಬೈಕು ಓಟಕ್ಕೆ ಚೆನ್ನಾಗಿತ್ತು, ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಅದೂ ಬೇಡ. ಮೂಲೆಯಲ್ಲಿ ಗೋಡೆಗೆ ಒರಗಿ ಒಂದು ಕಪ್ಪು ಸ್ಪ್ಲೆಂಡರ್ ನಿಂತಿತ್ತು. ಮೂರು ತಾಲ್ಲೂಕಿನಲ್ಲಿ ಇಂಥವು ಸಾವಿರ ಇದ್ದಾವು.

"ಅದು ತೋರಿಸಿ."

ನಟರಾಜ್ ಅವನ ಮುಖವನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದ. "ನಿಮಗೆ ಅದು ಬೇಡ ಬಿಡಿ ಸಾರ್. ನಿಮ್ಮಂಥವರಿಗೆ ಬೇರೆ ಒಳ್ಳೇದಿದೆ."

ದೊಡ್ಡ ಗಾಡಿ ತಲೆಗೆ ಕಟ್ಟುವ ಹುನ್ನಾರ ಎಂದು ಶ್ರೀಕರ ಒಳಗೇ ನಕ್ಕ. ದಿನಾ ಜಮೀನು ಮಾರುವವರ ಮುಖ ನೋಡುವವನಿಗೆ ಇಷ್ಟು ತಿಳಿಯದೇ? ಅವನು ಕುಕ್ಕರುಗಾಲಲ್ಲಿ ಕೂತು ಶುರುಮಾಡಿದ. ಇಂಜಿನ್ನಿಗೆ ಕೈಯಿಟ್ಟು ತಣ್ಣಗಿದೆಯೇ ನೋಡಿದ. ಮೊದಲೇ ಬಿಸಿ ಮಾಡಿಟ್ಟರೆ ಚಳಿಗೆ ಹಟ ಮಾಡುವ ಗಾಡಿಯ ಬಣ್ಣ ಬಯಲಾಗುವುದಿಲ್ಲ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿ ಉಜ್ಜಿದ. ಚೈನಿನ ಸಡಿಲ, ಟೈರಿನ ಬದಿಯಲ್ಲಿ ಒತ್ತಿದ ತಯಾರಿಕೆಯ ವಾರ, ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದ ಗುರುತು, ಒಂದೂ ಬಿಡಲಿಲ್ಲ. ಎದುರಿಗೆ ನಿಂತು ಎರಡೂ ಗಾಲಿ ಒಂದೇ ಗೆರೆಯಲ್ಲಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಬಿದ್ದ ಗಾಡಿ ಎಷ್ಟು ರಿಪೇರಿ ಮಾಡಿದರೂ ಅಲ್ಲಿ ಸುಳ್ಳು ಹೇಳಲಾರದು. ಒಂದೇ ಒತ್ತಿಗೆ ಇಂಜಿನ್ ಎದ್ದಿತು. ಹೊಗೆ ಇಲ್ಲ, ಕಟಕಟ ಇಲ್ಲ. ಚಾಸಿ ನಂಬರು ಆರ್‌ಸಿಗೆ ಅಕ್ಷರಶಃ ತಾಳೆಯಾಯಿತು.

"ಹಿಂದೆ ಒಬ್ರದೇ ಕೈ ಸಾರ್" ಎಂದ ನಟರಾಜ್, ಈಗ ದನಿ ಬದಲಿಸಿ. "ದಿನಾ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರ್ತಿತ್ತು. ಆಫೀಸಿನ ಗಾಡಿ ಇದ್ದಂಗೆ. ದಿನಾ ಓಡೋ ಗಾಡಿ ಕೆಡಲ್ಲ."

ಚೌಕಾಸಿ ಮಾಡದವನು ನೆನಪಿನಲ್ಲಿ ಉಳಿಯುತ್ತಾನೆ, ಹೆಚ್ಚು ಮಾಡಿದವನೂ ಉಳಿಯುತ್ತಾನೆ. ಶ್ರೀಕರ ಎಲ್ಲರೂ ಎಷ್ಟು ಮಾಡುತ್ತಾರೋ ಅಷ್ಟು ಮಾಡಿದ. ಹಳೆಯ ಮಾಲೀಕ ಸಹಿ ಹಾಕಿಟ್ಟಿದ್ದ ವರ್ಗಾವಣೆ ಫಾರಂ ತೆಗೆದುಕೊಂಡು, ನಾನೇ ಮಾಡಿಸಿಕೊಳ್ಳುತ್ತೇನೆ ಎಂದ. ಅದನ್ನು ಅವನು ಎಂದೂ ತುಂಬುವುದಿಲ್ಲ. ಕೆಲಸ ಮುಗಿದ ಮೇಲೆ ಗಾಡಿ ನೀರು ನಿಂತ ಹಳೆಯ ಕಲ್ಲುಕ್ವಾರಿಯ ತಳ ಸೇರುತ್ತದೆ. ಕಾಗದದ ಮೇಲೆ ಶ್ರೀಕರ ಹೆಗಡೆಗೂ ಈ ಗಾಡಿಗೂ ಸಂಬಂಧವೇ ಇರುವುದಿಲ್ಲ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂಬುದು ಅವನ ಕಸುಬಿನ ಮೊದಲ ಪಾಠ.

ತೀರ್ಥಹಳ್ಳಿಯಿಂದ ಹೊಸನಗರದ ದಾರಿಯಲ್ಲಿ ಮೊದಲ ಹತ್ತು ನಿಮಿಷ ಮೈಯೆಲ್ಲ ಬೆವೆತು ಹೋಯಿತು. ಎರಡು ಸಲ ಗಾಡಿ ನಿಂತಿತು. ಲಾರಿಯೊಂದು ಬೈದುಕೊಂಡು ಹೋಯಿತು. ಆಮೇಲೆ ಕಾಲಿಗೆ ಗೇರು ತಾನಾಗಿ ಸಿಕ್ಕಿತು, ಮೈ ತಿರುವಿಗೆ ತಾನಾಗಿ ವಾಲಿತು. ಗಾಳಿ ಅಂಗಿಯೊಳಗೆ ನುಗ್ಗಿದಾಗ ಶ್ರೀಕರ ಹೆಲ್ಮೆಟ್ಟಿನೊಳಗೆ ಒಬ್ಬನೇ ಜೋರಾಗಿ ನಕ್ಕ. ಎಷ್ಟು ವರ್ಷ ಹಾಳುಮಾಡಿಕೊಂಡೆನಲ್ಲ! ಹೀಗೇ ಹೋಗಿಬಿಟ್ಟರೆ? ಮನೆಗೆ ಹೋಗಿ ವಿನಯಾ, ತೃಪ್ತಿ ಇಬ್ಬರನ್ನೂ ಕೂರಿಸಿ ಎಲ್ಲವನ್ನೂ ಹೇಳಿಬಿಟ್ಟರೆ? ಒಂದು ಕ್ಷಣ ಆ ಬಾಗಿಲು ನಿಜವಾಗಿಯೂ ತೆರೆದಿತ್ತು. ಆಮೇಲೆ ಸೊಪ್ಪಿನ ಹೊರೆಯ ಮನುಷ್ಯನ ಬಗ್ಗೆ ಮಗಳು ಕೇಳಬಹುದಾದ ಮೊದಲ ಪ್ರಶ್ನೆ ಅವನಿಗೆ ಹೊಳೆಯಿತು. ಯಾಕೆ ನಿಲ್ಲಿಸಲಿಲ್ಲ ಅಪ್ಪ? ಅವನ ನಗು ನಿಂತಿತು. ಕತ್ತಲಾಗುವ ಮೊದಲೇ ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ ಗೋಣಿಚೀಲ ಹೊದೆಸಿದ.

ನಾಲ್ಕು ಬುಧವಾರ ಅಭ್ಯಾಸ ಮಾಡಿದ. ನಗರದ ಕಡೆಗೆ ಮಾತ್ರ ಹೋಗಲಿಲ್ಲ. ಆ ದಾರಿಯಲ್ಲಿ ಈ ಗಾಡಿ ಒಂದೇ ಒಂದು ಸಲ ಕಾಣಿಸಿಕೊಳ್ಳಬೇಕು, ಅದೂ ಕಂಡವರಿಗೆ ನೆನಪಾಗದ ಹಾಗೆ. ಮನೆಗಳಿಲ್ಲದ ಹಿನ್ನೀರಿನ ದಾರಿಯಲ್ಲಿ ಹೋಗಿ ಬಂದು ಗಡಿಯಾರ ನೋಡಿಕೊಂಡ. ಮೆಸ್ಸಿನ ಯಶೋಧಾಳಿಗೆ ಪ್ರತಿ ವಾರವೂ ತಲೆನೋವಿನ ಕತೆ ಹೇಳಿದ. "ಹೆಗಡೇರೇ, ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ ಮತ್ತೆ" ಎಂದು ಅವಳು ಅಂದಳು. ಒಳ್ಳೆಯದು. ಅವಳು ಇದನ್ನು ಪೊಲೀಸರಿಗೂ ಹೇಳುತ್ತಾಳೆ.

ಮನೆಯಲ್ಲಿ ನಿಶ್ಚಿತಾರ್ಥದ ಮಾತು ಬೆಳೆಯುತ್ತಲೇ ಇತ್ತು. ವಿನಯಾ ಅಣ್ಣ ಕಳಿಸಿದ ಸೀರೆಯನ್ನು ಮಗಳ ಮುಂದೆ ಬಿಡಿಸಿಟ್ಟಳು, ಮಗಳು ಮುಟ್ಟಲಿಲ್ಲ. ತೃಪ್ತಿ ಈಗ 'ಇಲ್ಲೆ' ಎನ್ನುವುದನ್ನೂ ಬಿಟ್ಟಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಇನ್ನು ಸ್ವಲ್ಪ ದಿನ ತಡಿ ಕೂಸೆ, ಎಂದು ಅವನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ.

ಶಿವರಾತ್ರಿ ಕಳೆದ ಬುಧವಾರ ಎಲ್ಲವೂ ಬರೆದಿಟ್ಟಂತೆ ನಡೆಯಿತು. ಒಂದೂಮುಕ್ಕಾಲಿಗೆ ಊಟ. ಎರಡಕ್ಕೆ ಕೋಣೆ. ಮೊಬೈಲನ್ನು ಚಾಲೂ ಇಟ್ಟೇ ದಿಂಬಿನ ಕೆಳಗೆ ಬಿಟ್ಟ. ಯಾರಾದರೂ ಟವರ್ ಹುಡುಕಿದರೆ ಶ್ರೀಕರ ಹೆಗಡೆ ಹೊಸನಗರದಲ್ಲಿ ಗೊರಕೆ ಹೊಡೆಯುತ್ತಿರಬೇಕು. ಎರಡೂಕಾಲಿಗೆ ಗಾಡಿ ಓಣಿಗೆ ಇಳಿಯಿತು. ಹೆಲ್ಮೆಟ್ಟಿನೊಳಗಿನ ಮುಖವನ್ನು ಯಾರೂ ನೋಡಲಿಲ್ಲ. ಪೊಲೀಸ್ ಜೀಪೊಂದು ಎದುರಿಗೆ ಬಂದು, ಅವನ ಕಡೆ ಕಣ್ಣೂ ಹಾಯಿಸದೆ ಹೋಯಿತು. ಕಪ್ಪು ಸ್ಪ್ಲೆಂಡರಿಗೆ ಅವನು ಮನಸ್ಸಿನಲ್ಲೇ ಕೈಮುಗಿದ.

ಆ ಹಳೆಯ ತಿರುವು ಬಂತು. ಅವತ್ತು ಅಲ್ಲಿ ಹಾರ್ನ್ ಹಾಕಿದ್ದರೆ ಆ ಮನುಷ್ಯ ಪಕ್ಕಕ್ಕೆ ಸರಿಯುತ್ತಿದ್ದ. ಇಪ್ಪತ್ತೆರಡು ವರ್ಷ ಇದೊಂದನ್ನು ಶ್ರೀಕರ ಯಾರಿಗೂ ಹೇಳಿರಲಿಲ್ಲ, ಶ್ರೀರಂಗನಿಗೂ ಗೊತ್ತಿರಲಿಲ್ಲ. ಅವನ ಹೆಬ್ಬೆರಳು ತಾನಾಗಿ ಒತ್ತಿತು: ಪೀಂ, ಪೀಂ, ಪೀಂ. ಗಂಟಲು ಕಟ್ಟಿದ ಹಾಗಿನ ಹಾರ್ನು. ತಿರುವಿನ ಆಚೆ ಯಾರೂ ಇರಲಿಲ್ಲ. ಮುಂದೆ ಹಳೆಕೊಳದ ಒಳದಾರಿಯಲ್ಲೂ ಮೂರು ಕುರುಡು ತಿರುವುಗಳಿದ್ದವು. ಸದ್ದು ಮಾಡದೆ ಹೋಗಬೇಕೆಂದು ಬುದ್ಧಿ ಹೇಳಿತು, ಹೆಬ್ಬೆರಳು ಕೇಳಲಿಲ್ಲ. ಇನ್ನೊಬ್ಬ ಹೊರೆಯವನು ಎದುರಾದರೆ? ಮೂರು ತಿರುವಿನಲ್ಲೂ ಮೂರು ಮೂರು ಸಲ ಒತ್ತಿದ. ಆಮೇಲೆ ಸಮಾಧಾನವನ್ನೂ ಹುಡುಕಿಕೊಂಡ: ಮಲೆನಾಡಿನ ತಿರುವಿನಲ್ಲಿ ಹಾರ್ನ್ ಹಾಕದವನೇ ವಿಚಿತ್ರ, ಹಾಕಿದವನನ್ನು ಯಾರು ಕೇಳುತ್ತಾರೆ? ಮಧ್ಯಾಹ್ನದ ನಿದ್ದೆ ಬಿಟ್ಟು ಒಂದು ಹಾರ್ನಿಗೆ ಎದ್ದು ಬರುವವರು ಯಾರಿದ್ದಾರೆ?

ಊರಿನ ಮನೆಗಳು ಸಿಗುವ ಮೊದಲೇ ಅವನು ಎಡಕ್ಕೆ, ಜಲ್ಲಿ ಲಾರಿಗೆಂದು ಕಡಿದ ಹಿಂದಿನ ದಾರಿಗೆ ತಿರುಗಿದ. ಮುರಕಲ್ಲಿನ ಗೋಡೆಯ ಮರೆಯಲ್ಲಿ ಗಾಡಿ ನಿಲ್ಲಿಸಿ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿದ. ಬಸ್ಸಿನಲ್ಲಿ ಬಂದ ಭಾವನ ಕೈಯಲ್ಲಿ ಹೆಲ್ಮೆಟ್ ಇರಬಾರದು. ಮೂರಕ್ಕೆ ಎರಡು ನಿಮಿಷ ಇತ್ತು.

ಕೊನೆಯ ಮೆಟ್ಟಿಲಲ್ಲಿ ಶ್ರೀರಂಗ ಕೂತಿದ್ದ. ಬೆನ್ನು ಈ ಕಡೆ. ಹೆಜ್ಜೆ ಸದ್ದಿಗೆ ಕತ್ತು ಮಾತ್ರ ತಿರುಗಿಸಿದ.

"ಓಹೋ, ಭಾವ! ಎಂತ ಇಷ್ಟೊತ್ತಿಗೆ? ಒಪ್ಪಿದ್ಲ ಕೂಸು?"

"ಒಪ್ಪಿದ್ದಿಲ್ಲೆ."

"ಒಪ್ತು ಬಿಡು. ನೀ ಇದ್ಯಲ." ಶ್ರೀರಂಗ ಎಲೆಗೆ ಸುಣ್ಣ ಹಚ್ಚುತ್ತ ನಕ್ಕ. "ಯಾವ ಬಸ್ಸಿಗೆ ಬಂದೆ? ಈಗ ಬಸ್ಸೇ ಇಲ್ಲೆಲ."

"ಬಸ್ಸಿಗೆ ಬಂದಿದ್ದಿಲ್ಲೆ" ಎಂದ ಶ್ರೀಕರ.

ಶ್ರೀರಂಗನ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಅವನಿಗೆ ಅರ್ಥವಾಯಿತೋ ಇಲ್ಲವೋ, ಏಳಲು ಹೊರಟ. ಅದು ಇನ್ನೂ ಸುಲಭವಾಯಿತು. ಒಂದೇ ನೂಕು. ನೀರು ಎರಡು ಸಲ ಜೋರಾಗಿ ಬಡಿಯಿತು, ಆಮೇಲೆ ಸಣ್ಣದಾಗಿ ಬಡಿಯಿತು, ಆಮೇಲೆ ಇಲ್ಲ. ಶ್ರೀಕರ ಕಣ್ಣು ಮುಚ್ಚಿಕೊಂಡೇ ನಿಂತಿದ್ದ. ತೆರೆದಾಗ ವೀಳ್ಯದೆಲೆ ತೇಲುತ್ತಿತ್ತು. ಭಾನುವಾರ ನಿಶ್ಚಿತಾರ್ಥ ಇಲ್ಲ. ಮನೆಗೆ ಸೂತಕದ ಸುದ್ದಿ ಬರುತ್ತದೆ, ವಿನಯಾ ಅಳುತ್ತಾಳೆ, ಅವನೂ ಅಳುತ್ತಾನೆ. ತೃಪ್ತಿ ಮಾತ್ರ ಉಸಿರಾಡುತ್ತಾಳೆ. ಗಂಟೆ ಮೂರೂ ಹನ್ನೆರಡು. ಲೆಕ್ಕಕ್ಕಿಂತ ಮೂರು ನಿಮಿಷ ಮುಂದೆಯೇ ಇದ್ದ.

ಇಳಿಜಾರು ಹತ್ತಿ, ಮರಳಿನ ರಾಶಿ ಬಳಸಿ, ಮುರಕಲ್ಲಿನ ಗೋಡೆಯ ಮೂಲೆಗೆ ಬಂದವನು ಅಲ್ಲೇ ನಿಂತುಬಿಟ್ಟ. ಗಾಡಿಯ ಸುತ್ತ ಎಂಟೊಂಬತ್ತು ಜನ. ಹೆಂಗಸರೇ ಹೆಚ್ಚು, ಒಬ್ಬ ಮುದುಕನೂ ಇದ್ದ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತಟ್ಟೆ, ಬೋಗುಣಿ, ಅಲ್ಯೂಮಿನಿಯಂ ಪಾತ್ರೆ. ಗಾಲಿಯ ಹತ್ತಿರ ಮೂರು ಬೆಕ್ಕುಗಳು ಬಾಲ ಎತ್ತಿಕೊಂಡು ಸುತ್ತುತ್ತಿದ್ದವು. ಅವನ ಹೆಲ್ಮೆಟ್ಟು ಅವರೆಲ್ಲರ ಆಚೆ ನೇತಾಡುತ್ತಿತ್ತು. ಶ್ರೀರಂಗನ ಅಂಗಳ ಗುಡಿಸುವ ದುಗ್ಗಮ್ಮ ಅವನನ್ನು ಕಂಡು ಬಾಯಿ ತೆರೆದವಳು ಮುಚ್ಚಲೇ ಇಲ್ಲ.

"ಅಯ್ಯಯ್ಯಪ್ಪಾ! ನಮ್ ಸಾಗರದ ಹೆಗಡೇರು! ನೀವ್ಯಾವಾಗಿಂದ ಮೀನು ಮಾರಕ್ಕೆ ಶುರು ಮಾಡಿದ್ರಿ?"

ಎಲ್ಲರೂ ಹೋ ಎಂದು ನಕ್ಕರು. ಮುದುಕ ಗುತ್ಯಪ್ಪ ಗಾಡಿಯ ಸೀಟನ್ನು ಹಳೆಯ ಸ್ನೇಹಿತನ ಬೆನ್ನಿನಂತೆ ತಟ್ಟಿದ. ಮೀನಿನ ಶೇಷಪ್ಪನ ಗಾಡಿ ಇದು; ಹನ್ನೊಂದು ವರ್ಷ ದಿನಾ ಈ ಗಾಡಿಯಲ್ಲೇ ಮೀನು ತಂದು, ತಿರುವು ತಿರುವಿನಲ್ಲಿ ಮೂರು ಸಲ ಹಾರ್ನ್ ಹಾಕಿಕೊಂಡು ಹಳೆಕೊಳಕ್ಕೆ ಬರುತ್ತಿದ್ದ. ಸೊಂಟ ನೋವೆಂದು ಮೊನ್ನೆ ಪುಷ್ಯದಲ್ಲಿ ತೀರ್ಥಹಳ್ಳಿಯಲ್ಲಿ ಮಾರಿದ, ಅಲ್ಲಿಂದೀಚೆ ಊರಿಗೆ ಮೀನೇ ಇಲ್ಲ. ಮೀನು ತಿನ್ನದ ಮನೆಯಲ್ಲಿ ಹುಟ್ಟಿ ಬೆಳೆದ ಶ್ರೀಕರನಿಗೆ ಆ ಹಾರ್ನಿನ ಅರ್ಥ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅಂಗಿಯ ಸಂದಿನಲ್ಲಿ ಜನಿವಾರ ಕಂಡು ಬ್ರಾಹ್ಮಣನೆಂದು ಗುರುತು ಹಿಡಿದ ನಟರಾಜ್, ಮೀನಿನ ಗಾಡಿ ಎಂದು ಹೇಳಿದರೆ ಇವನು ಮುಟ್ಟುವುದಿಲ್ಲ ಎಂದು ಹೇಳಿರಲೂ ಇಲ್ಲ. "ಹಾರ್ನ್ ಕೇಳ್ತು, ಗಾಡಿ ಕಾಣ್ಲಿಲ್ಲ" ಎಂದಳು ದುಗ್ಗಮ್ಮ ನಗು ತಡೆಯಲಾರದೆ. "ಹುಡ್ಕಂಡ್ ಬಂದ್ರೆ ಶ್ರೀರಂಗ ಭಟ್ಟರ ಹಿತ್ಲಲ್ಲಿ ನಿಂತದೆ! ರಂಗಪ್ಪೋರೂ ಕದ್ದು ಮೀನು ತಿಂತಾರಾ ಅಂತ ಕೇಳ್ಬೇಕು, ಕೊಳದ ಹತ್ರ ಇದಾರಲ್ಲ?" ಅವಳು ತಟ್ಟೆ ಹಿಡಿದುಕೊಂಡೇ ಇಳಿಜಾರಿನ ಕಡೆ ಹೊರಟಳು. ಅವಳ ಮೊಮ್ಮಗಳು ಕಾವ್ಯಾ, ಸಾಗರದ ಕಾಲೇಜಿನಲ್ಲಿ ತೃಪ್ತಿಯ ಜೊತೆ ಓದಿದವಳು, ಅವನ ಮನೆಯಲ್ಲಿ ಎಷ್ಟೋ ಸಲ ಉಂಡವಳು, ಮೊಬೈಲು ಹಿಡಿದು ಎದುರಿಗೆ ಬಂದಳು. "ನಮ್ಮಪ್ಪ ಬೈಕೇ ಮುಟ್ಟಲ್ಲ ಅಂತ ತೃಪ್ತಿ ಹಟ ಮಾಡ್ತಿದಾಳೆ ಅಂಕಲ್, ಈಗಷ್ಟೇ ನಿಮ್ ಫೋಟೋ ತೆಗ್ದು ಕಳ್ಸಿದ್ರೂ ನಂಬ್ತಿಲ್ಲ. ನೋಡಿ, ವಿಡಿಯೋ ಕಾಲಲ್ಲೇ ಇದಾಳೆ, ನೀವೇ ಹೇಳಿ" ಎಂದು ಪರದೆಯನ್ನು ಅವನ ಮುಖಕ್ಕೆ ತಿರುಗಿಸಿದಳು. ತಿಂಗಳಿಂದ ನಗದಿದ್ದ ತೃಪ್ತಿ ಅಲ್ಲಿ ನಗುತ್ತಿದ್ದಳು. "ಅಪ್ಪ, ಎಂತ ಇದು? ನಿಜವಾಗ್ಲೂ ಗಾಡಿ ಓಡ್ಸಿದ್ಯಾ?" ಎಂದು ಅವಳು ಕೇಳುತ್ತಿರುವಾಗಲೇ ಕೊಳದ ಕಡೆಯಿಂದ ತಟ್ಟೆ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು.